ಗ್ರೂಪಿಗೆ ಹಾಕಿದ್ದು ನಮ್ಮ ಮನೆಗೆ ಬರಲಿಲ್ಲ

ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಗಳ ಎಲ್ಲ ಮುಖ್ಯ ಶಿಕ್ಷಕರಿಗೆ ಹಾಗೂ ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ಗೌರವಪೂರ್ವಕ ನಮಸ್ಕಾರಗಳು. ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆದು ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಮಗ ಹತ್ತನೆಯ ತರಗತಿ, ಮಗಳು ಎಂಟನೆಯ ತರಗತಿ. ಇಬ್ಬರೂ ಹೋಗುವುದು ಒಂದೇ ಪ್ರೌಢಶಾಲೆಗೆ. ಆ ಶಾಲೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಲ್ಲಿನ ಶಿಕ್ಷಕರ ಮೇಲೆ ನನಗೆ ದ್ವೇಷವಿಲ್ಲ, ಮಕ್ಕಳಿಗೆ ಅವರು ಚೆನ್ನಾಗಿಯೇ ಪಾಠ ಮಾಡುತ್ತಾರೆ. ತೀರ್ಥಹಳ್ಳಿ, ಸಾಗರ, ಸೊರಬದ ಕಡೆಯ ನೆಂಟರ ಮನೆಗಳಲ್ಲಿ ವಿಚಾರಿಸಿದರೂ ಹೆಚ್ಚುಕಡಿಮೆ ಇದೇ ದೂರು ಕೇಳಿಸುತ್ತದೆ. ಆದ್ದರಿಂದ ಒಂದು ಶಾಲೆಯ ಬಾಗಿಲಿಗೆ ಅರ್ಜಿ ಹಿಡಿದು ಹೋಗುವ ಬದಲು ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟೇ: ಶಾಲೆಯಲ್ಲಿ ನಮ್ಮ ಮಕ್ಕಳಿಗಾಗಿ ಏನಿದೆ, ಯಾವಾಗ ಏನು ನಡೆಯುತ್ತದೆ ಎಂಬುದು ಮನೆಯವರಾದ ನಮಗೆ ತಿಳಿಯುತ್ತಿಲ್ಲ. ತಿಳಿಯುವ ಹೊತ್ತಿಗೆ ದಿನಾಂಕ ಮುಗಿದಿರುತ್ತದೆ.

ಎರಡು ವರ್ಷದ ಹಿಂದೆ ನನ್ನ ಮಗ ಎಂಟನೆಯ ತರಗತಿಯಲ್ಲಿದ್ದ. ಒಂದು ಮದುವೆ ಮನೆಯಲ್ಲಿ ನನ್ನ ದೊಡ್ಡಮ್ಮನ ಮಗಳು ಸಿಕ್ಕಳು. ಊಟದ ಪಂಕ್ತಿಯಲ್ಲಿ ಕುಳಿತಾಗ, "ನಿನ್ನ ಮಗ ಎನ್‌ಎಂಎಂಎಸ್ ಹೇಗೆ ಬರೆದ?" ಎಂದು ಕೇಳಿದಳು. ಹಾಗೆಂದರೇನು ಎಂದು ನಾನೇ ಅವಳನ್ನು ಕೇಳಬೇಕಾಯಿತು. ಅವಳು ವಿವರಿಸಿದಳು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಅದು. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ಎರಡನೆಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಈ ಯೋಜನೆ 2008ರಿಂದಲೇ ಇದೆ. ನನ್ನ ಮಗನಿಗೆ ಏಳನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳು ಬಂದಿದ್ದವು. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆದು ಮುಗಿಸಿ ಮೊಬೈಲ್ ಹಿಡಿದು ಕುಳಿತೆ. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಡೈರಿಯ ಹಿಂದಿನ ಜಗಲಿಯಲ್ಲಿ, ಹಲಸಿನ ಮರದ ಕಡೆಗೆ ಮುಖ ಮಾಡಿ ನಿಂತರೆ ಎರಡು ಗೆರೆ ಬರುತ್ತದೆ. ಶಾಲೆಯ ವಾಟ್ಸ್‌ಆ್ಯಪ್ ಗ್ರೂಪನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿದೆ. ಶುಭೋದಯದ ಚಿತ್ರಗಳು, ಹುಟ್ಟುಹಬ್ಬದ ಹಾರೈಕೆಗಳು, ಯಾರೋ ಕಳುಹಿಸಿದ ದೇವರ ವಿಡಿಯೋಗಳು, ಅವುಗಳ ಮಧ್ಯೆ ಒಂದು ಪಿಡಿಎಫ್. ಕೆಳಗೆ ಒಂದು ಸಾಲೂ ಇಲ್ಲ, ಏನೆಂಬ ವಿವರವಿಲ್ಲ. ಒತ್ತಿದರೆ ಚಕ್ರ ತಿರುಗುತ್ತಲೇ ಇತ್ತು. ಅರ್ಧ ಗಂಟೆಯ ಮೇಲೆ ತೆರೆದುಕೊಂಡಿತು. ಅದೇ ಸುತ್ತೋಲೆ. ಅರ್ಜಿಯ ಕೊನೆಯ ದಿನ ಮುಗಿದು ತಿಂಗಳುಗಳೇ ಕಳೆದಿದ್ದವು.

ಶಾಲೆಗೆ ಹೋಗಿ ಕೇಳಿದೆ. "ಗ್ರೂಪಿಗೆ ಹಾಕಿದ್ದೆವಲ್ಲ" ಎಂಬ ಉತ್ತರ ಬಂತು. "ತರಗತಿಯಲ್ಲೂ ಹೇಳಿದ್ದೆವು" ಎಂದರು. ಅವರು ಸುಳ್ಳು ಹೇಳಲಿಲ್ಲ. ಮನೆಗೆ ಬಂದು ಮಗನನ್ನು ಕೂರಿಸಿಕೊಂಡು ಕೇಳಿದೆ, "ಹೇಳಿದ್ದರಂತಲ್ಲ, ನನಗೇಕೆ ಹೇಳಲಿಲ್ಲ?" ಅವನು ತಲೆ ತಗ್ಗಿಸಿ, "ಅದು ಬುದ್ಧಿವಂತರು ಬರೆಯುವುದು ಅಂದುಕೊಂಡೆ ಅಮ್ಮಾ" ಎಂದ.

ಮಾನ್ಯರೇ, ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಹದಿಮೂರು ವರ್ಷದ ಹುಡುಗ ಅದು ತನಗಲ್ಲ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದ. ಆದಾಯ ಪ್ರಮಾಣಪತ್ರ ತರಬೇಕು ಎಂದರೆ ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ ಎಂಬ ಯೋಚನೆಯೂ ಅವನಿಗೆ ಬಂದಿತ್ತಂತೆ. ಈ ವಯಸ್ಸಿನ ಮಕ್ಕಳು ಮನೆಗೆ ಯಾವ ಸುದ್ದಿ ತರಬೇಕು, ಯಾವುದನ್ನು ಬಿಡಬೇಕು ಎಂದು ತಾವೇ ಆರಿಸುತ್ತಾರೆ. ಖರ್ಚಿನ ಮಾತಾದರೆ ನುಂಗಿಕೊಳ್ಳುತ್ತಾರೆ. ಅಂಕ ಕಡಿಮೆಯಾದರೆ ಬಚ್ಚಿಡುತ್ತಾರೆ. ಪ್ರಾಥಮಿಕ ಶಾಲೆಯಲ್ಲಾದರೆ ಮಗು ಮೇಷ್ಟ್ರು ಹೇಳಿದ್ದನ್ನೆಲ್ಲ ಮನೆಗೆ ಬಂದು ಒಪ್ಪಿಸುತ್ತದೆ. ಪ್ರೌಢಶಾಲೆಗೆ ಬಂದ ಮೇಲೆ ಬಾಯಿ ಕಟ್ಟುತ್ತದೆ. ತಂದೆ ತಾಯಿಗೆ ನೇರವಾಗಿ ತಿಳಿಸುವ ಅಗತ್ಯ ಹೆಚ್ಚುವುದೇ ಈ ಮೂರು ವರ್ಷಗಳಲ್ಲಿ. ನಮ್ಮಲ್ಲಿ ಆ ದಾರಿ ಕಡಿದುಹೋಗುವುದೂ ಇದೇ ಮೂರು ವರ್ಷಗಳಲ್ಲಿ.

ಇನ್ನೊಂದು ಸಂಗತಿಯನ್ನು ಬರೆಯದೆ ಇರಲಾರೆ. ನಮ್ಮ ಕೇರಿಯ ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ತೋಟದ ಕೂಲಿಗೆ ಹೋಗುತ್ತಾರೆ. ಅಡಿಕೆ ಸುಗ್ಗಿಯಲ್ಲಿ ಆ ತಾಯಿ ರಾತ್ರಿಯವರೆಗೂ ಅಡಿಕೆ ಸುಲಿಯುತ್ತಾಳೆ. ಅವರ ಮಗ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತವೊಂದರಲ್ಲಿ ಅನುತ್ತೀರ್ಣನಾದ. ಫಲಿತಾಂಶ ಬಂದ ಸಂಜೆ ಅವನ ಅಪ್ಪ ಹಾಲು ಹಾಕಲು ಬಂದವರು, "ಅಕ್ಕಾ, ಫೇಲಾದವನನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡಲಿ, ಬೆಂಗಳೂರಿಗೆ ಕಳುಹಿಸುತ್ತೇನೆ" ಎಂದರು. ನಮ್ಮ ಕಡೆಯ ಹುಡುಗರಿಗೆ ಬೆಂಗಳೂರೆಂದರೆ ಹೋಟೆಲಿನ ಅಡುಗೆಮನೆ ಅಥವಾ ಬೇಕರಿ. ನಾಲ್ಕನೆಯ ದಿನ ರಾತ್ರಿ ಬಸ್ಸಿಗೆ ಹುಡುಗ ಹೊರಟುಹೋದ.

ಎಸ್‌ಎಸ್‌ಎಲ್‌ಸಿಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯುವ ಪದ್ಧತಿ ಬಂದಿದೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಕೆಲವೇ ವಾರಗಳಲ್ಲಿ ಎರಡನೆಯ ಪರೀಕ್ಷೆಯಲ್ಲಿ ಬರೆಯಬಹುದು. ಪಾಸಾದರೆ ಅದೇ ವರ್ಷ ಪಿಯುಸಿಗೋ ಐಟಿಐಗೋ ಸೇರಬಹುದು. ಇದು ಆ ತಂದೆಗೆ ಗೊತ್ತಿರಲಿಲ್ಲ. ಅವರ ಕಾಲದಲ್ಲಿ ಫೇಲೆಂದರೆ ಮುಗಿಯಿತು. ನನಗೂ ಸರಿಯಾಗಿ ಗೊತ್ತಿರಲಿಲ್ಲ, ಗೊತ್ತಿದ್ದರೆ ಬಸ್ ಹತ್ತಲು ಬಿಡುತ್ತಿರಲಿಲ್ಲ. ಶಾಲೆಯಿಂದ ಎರಡನೆಯ ಪರೀಕ್ಷೆಯ ನೋಂದಣಿಗೆ ಬರಬೇಕೆಂಬ ಸಂದೇಶ ಗ್ರೂಪಿನಲ್ಲಿತ್ತು. ಆದರೆ ಆ ಮನೆಯಲ್ಲಿದ್ದದ್ದು ಗುಂಡಿಯ ಮೊಬೈಲ್. ವಾಟ್ಸ್‌ಆ್ಯಪ್ ಎಂಬುದು ಆ ಮನೆಗೆ ಬಂದೇ ಇಲ್ಲ. ಪರೀಕ್ಷೆಯ ದಿನ ಆ ಹುಡುಗ ಎಲ್ಲೋ ತಟ್ಟೆ ತೊಳೆಯುತ್ತಿದ್ದ. ಫಲಿತಾಂಶ ಬಂದ ದಿನ ಶಾಲೆಯಿಂದ ಒಂದು ಕರೆ ಆ ಗುಂಡಿಯ ಮೊಬೈಲಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಒಂದೇ ಒಂದು ಕರೆ.

ಮಳೆಗಾಲದ ರಜೆಯ ವಿಷಯ ಮಕ್ಕಳ ಜೀವಕ್ಕೇ ಸಂಬಂಧಿಸಿದ್ದು. ಪುನರ್ವಸು, ಪುಷ್ಯ ಮಳೆ ಹಿಡಿದರೆ ನಮ್ಮ ಘಟ್ಟದ ಅಂಚಿನ ಊರುಗಳಲ್ಲಿ ಹಗಲೂ ಕತ್ತಲೆಯೇ. ಮಗಳು ಏಳು ಗಂಟೆಗೆ ಮನೆ ಬಿಟ್ಟು, ಹೊಳೆಯ ಮೇಲಿನ ಕಾಲುಸಂಕ ದಾಟಿ, ಮುಕ್ಕಾಲು ಗಂಟೆ ನಡೆದು ಬಸ್ಸಿನ ದಾರಿಗೆ ಸೇರುತ್ತಾಳೆ. ಹೋದ ಮಳೆಗಾಲದಲ್ಲಿ ಒಂದು ದಿನ ರಜೆಯ ಸಂದೇಶ ಗ್ರೂಪಿಗೆ ಬಂದದ್ದು ಎಂಟು ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಅವಳೂ ಇನ್ನಿಬ್ಬರು ಹುಡುಗಿಯರೂ ಬಸ್ಸಿನಲ್ಲಿದ್ದರು. ಶಾಲೆಯ ಗೇಟಿಗೆ ಬೀಗ. ವಾಪಸು ಬರಲು ಮಧ್ಯಾಹ್ನದವರೆಗೆ ಬಸ್ಸಿಲ್ಲ. ನಮ್ಮ ಭಾಗದಲ್ಲಿ ಸರ್ಕಾರಿ ಬಸ್ಸುಗಳು ಮೊದಲೇ ವಿರಳ, ಖಾಸಗಿಯವರು ಬಿಟ್ಟ ಹೊತ್ತಿಗೆ ಹತ್ತಬೇಕು. ಮೂವರೂ ಒಂದು ಅಂಗಡಿಯ ಸೂರಿನಡಿ ನಿಂತಿದ್ದು ಮೂರು ಗಂಟೆಗೆ ಮನೆ ಸೇರಿದರು. ಮಗಳ ತುಟಿ ನೀಲಿಗಟ್ಟಿತ್ತು. ಹೊಳೆಯ ನೀರು ಬೆಳಿಗ್ಗೆಗಿಂತ ಒಂದು ಮೊಳ ಏರಿತ್ತು. ಒಲೆಯ ಮುಂದೆ ಕೂರಿಸಿ ಅವಳ ತಲೆ ಒರೆಸುವಾಗ ನನ್ನ ಕೈ ನಡುಗುತ್ತಿತ್ತು. ರಜೆ ಕೊಟ್ಟದ್ದು ಮಕ್ಕಳು ಆ ಸಂಕ ದಾಟಬಾರದೆಂದೇ ಅಲ್ಲವೇ? ದಾಟಿದ ಮೇಲೆ ಬರುವ ಸುದ್ದಿಯಿಂದ ಯಾರಿಗೆ ಉಪಯೋಗ?

ನಮ್ಮ ದೂರದ ನೆಂಟರ ಮಗಳಿಗೆ ದೃಷ್ಟಿ ಮಂದ. ಅಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ಸಿಗುತ್ತಾರೆಂಬುದು ಆ ಮನೆಯವರಿಗೆ ತಿಳಿದದ್ದು ಪರೀಕ್ಷೆ ಹತ್ತಿರ ಬಂದಾಗ. ವೈದ್ಯಕೀಯ ಪ್ರಮಾಣಪತ್ರಕ್ಕೆ ಓಡಾಡಲು ಸಮಯವೇ ಉಳಿದಿರಲಿಲ್ಲ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯ ಅರ್ಜಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಹಿಂದುಳಿದ ವರ್ಗಗಳ ಹಾಗೂ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳ ಅರ್ಜಿ, ಉತ್ತರ ಪತ್ರಿಕೆಯ ನಕಲು ಪಡೆದು ಮರುಮೌಲ್ಯಮಾಪನ ಕೇಳುವ ಅವಕಾಶ, ಎಲ್ಲದರದೂ ಇದೇ ಪಾಡು. ಗೊತ್ತಿದ್ದವರ ಮಕ್ಕಳಿಗೆ ಸಿಗುತ್ತದೆ. ಯಾರ ಮನೆಯಲ್ಲಿ ಒಬ್ಬರು ನೌಕರಿಯಲ್ಲಿದ್ದಾರೋ, ಯಾರಿಗೆ ಶಿಕ್ಷಕರ ಪರಿಚಯವಿದೆಯೋ ಅವರಿಗೆ ಎಲ್ಲವೂ ಮೊದಲೇ ತಿಳಿಯುತ್ತದೆ. ಬಡವರ ಮಕ್ಕಳಿಗೆಂದೇ ಮಾಡಿದ ಸವಲತ್ತು ಹೀಗೆ ಬಡವರ ಮನೆಯನ್ನೇ ಬಿಟ್ಟು ಸಾಗುತ್ತಿದೆ. ಇದು ಅನ್ಯಾಯ, ಹಾಗೆಂದೇ ಬರೆಯುತ್ತೇನೆ.

ಪೋಷಕರ ಸಭೆ ಕರೆಯುತ್ತೇವೆ, ಯಾರೂ ಬರುವುದಿಲ್ಲ ಎಂದು ನೀವು ಹೇಳುತ್ತೀರಿ. ನಿಜ, ಬರುವವರು ಕಡಿಮೆ. ಹೋದ ವರ್ಷ ನಮ್ಮಲ್ಲಿ ಸಭೆ ಕರೆದದ್ದು ಡಿಸೆಂಬರಿನ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ಅಡಿಕೆ ಕೊಯ್ಲಿನ ನಡುಸುಗ್ಗಿಯಲ್ಲಿ ಗೊನೆ ಇಳಿಸುವವರು ಸಿಕ್ಕ ದಿನ ಮನೆಯ ಯಜಮಾನನೂ ತೋಟ ಬಿಟ್ಟು ಅಲ್ಲಾಡುವಂತಿಲ್ಲ, ಕೂಲಿಯವನ ಮಾತಂತೂ ದೂರವೇ ಉಳಿಯಿತು. ನಾನು ಹೋಗಿದ್ದೆ. ಇದ್ದವರು ಒಂಬತ್ತು ಜನ. ಹಾಜರಿ ಪುಸ್ತಕಕ್ಕೆ ಸಹಿ ಮಾಡಿಸಿಕೊಂಡರು, ಶಿಸ್ತಿನ ಬಗ್ಗೆ ಮಾತಾಯಿತು, ಸಮವಸ್ತ್ರದ ಬಗ್ಗೆ ಮಾತಾಯಿತು, ಚಹಾ ಕೊಟ್ಟರು. ಯಾವ ವಿದ್ಯಾರ್ಥಿವೇತನಕ್ಕೆ ಯಾವ ದಾಖಲೆ ಬೇಕು ಎಂಬ ಮಾತು ಬರಲೇ ಇಲ್ಲ. ನಾನೇ ಎದ್ದು ಕೇಳಬಹುದಿತ್ತು. ಅಷ್ಟು ಜನ ಶಿಕ್ಷಕರ ಎದುರು ಧೈರ್ಯ ಸಾಲಲಿಲ್ಲ. ಎರಡನೆಯ ಪಿಯುಸಿವರೆಗೆ ಓದಿದ ನನಗೇ ಸಾಲಲಿಲ್ಲವೆಂದರೆ ಹೆಬ್ಬೆಟ್ಟು ಒತ್ತುವ ತಾಯಿಯ ಪಾಡೇನು?

ನಿಮ್ಮ ಕಷ್ಟವೂ ನನಗೆ ಕಾಣುತ್ತದೆ. ಚುನಾವಣೆ ಬಂದರೆ ನೀವು, ಸಮೀಕ್ಷೆ ಬಂದರೆ ನೀವು. ಕಂಪ್ಯೂಟರಿಗೆ ಮಾಹಿತಿ ತುಂಬುವುದು ನೀವು, ಬಿಸಿಯೂಟದ ಲೆಕ್ಕ ಇಡುವುದೂ ನೀವು. ಅತಿಥಿ ಶಿಕ್ಷಕರಿಂದಲೇ ಎಷ್ಟೋ ಕಡೆ ಪಾಠ ಸಾಗುತ್ತಿದೆ. ಗ್ರೂಪಿಗೆ ಒಂದು ಪಿಡಿಎಫ್ ಹಾಕಿದರೆ ನಿಮ್ಮ ಪಾಲಿನ ಒಂದು ಕೆಲಸ ಮುಗಿಯಿತೆಂಬ ನಿರಾಳ ನನಗೆ ಅರ್ಥವಾಗುತ್ತದೆ. ಆದರೆ ಇದೇ ಮಲೆನಾಡಿನಲ್ಲಿ ಸುದ್ದಿ ಮನೆಮನೆಗೆ ತಲುಪಿಸಿದ ಉದಾಹರಣೆಗಳಿವೆ. ಮಂಗನ ಕಾಯಿಲೆಯ ಕಾಲ ಬಂತೆಂದರೆ ಆಶಾ ಕಾರ್ಯಕರ್ತೆ ನಮ್ಮ ಅಂಗಳಕ್ಕೇ ಬರುತ್ತಾಳೆ. ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಕೈಗಿಡುತ್ತಾಳೆ, ಸತ್ತ ಮಂಗ ಕಂಡರೆ ಯಾರಿಗೆ ತಿಳಿಸಬೇಕೆಂದು ಹೇಳುತ್ತಾಳೆ, ಜ್ವರ ಯಾರಿಗಿದೆ ಎಂದು ಕೇಳಿ ಬರೆದುಕೊಂಡು ಹೋಗುತ್ತಾಳೆ. ಅವಳು ಬಂದುಹೋದ ಮೇಲೆ ತನಗೆ ಗೊತ್ತಿರಲಿಲ್ಲ ಎನ್ನುವ ಮನೆ ನಮ್ಮ ಕೇರಿಯಲ್ಲಿಲ್ಲ.

ನನ್ನ ಕೆಲಸದ್ದೇ ಒಂದು ಮಾತು ಹೇಳುತ್ತೇನೆ. ಡೈರಿಗೆ ದಿನಕ್ಕೆ ಎರಡು ಹೊತ್ತು ಹಾಲು ಬರುತ್ತದೆ. ಅರ್ಧ ಲೀಟರ್ ಹಾಕಿದವರಿಗೂ ಒಂದು ಚೀಟಿ ಕೊಡುತ್ತೇವೆ: ಎಷ್ಟು ಲೀಟರ್, ಫ್ಯಾಟ್ ಎಷ್ಟು, ದರ ಎಷ್ಟು. ಓದಲು ಬಾರದವರು ಅದನ್ನು ಜೋಪಾನವಾಗಿ ಮಡಚಿ ಸೆರಗಿಗೆ ಕಟ್ಟಿಕೊಂಡು ಹೋಗಿ ಮಕ್ಕಳ ಕೈಲಿ ಓದಿಸುತ್ತಾರೆ. ಲೆಕ್ಕ ಒಂದು ರೂಪಾಯಿ ತಪ್ಪಿದರೂ ಮರುದಿನ ಬಂದು ಕೇಳುತ್ತಾರೆ. ಕಾಗದ ಕೈಗೆ ಬಂದರೆ ನಮ್ಮ ಜನ ಕೇಳುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ. ನಮ್ಮ ಹಸುವಿನ ಹಾಲಿನ ಬಗ್ಗೆ ದಿನಕ್ಕೆರಡು ಬಾರಿ ತಿಳಿಯುವ ನಮಗೆ ನಮ್ಮ ಮಗುವಿನ ಓದಿನ ಬಗ್ಗೆ ಅಂಕಪಟ್ಟಿಗೆ ಸಹಿ ಹಾಕುವ ದಿನವಷ್ಟೇ ತಿಳಿಯುತ್ತದೆ.

ಆದ್ದರಿಂದ ನಾನು ಕೇಳುವುದು ದೊಡ್ಡ ಖರ್ಚಿನದ್ದಲ್ಲ. ಜೂನ್ ತಿಂಗಳಲ್ಲಿ, ಶಾಲೆ ಆರಂಭವಾದ ಮೊದಲ ವಾರದಲ್ಲೇ, ಪ್ರತಿ ಮನೆಗೂ ಒಂದು ಹಾಳೆ ಕೊಡಿ. ಎಂಟನೆಯವರಿಗೆ ಏನಿದೆ, ಒಂಬತ್ತನೆಯವರಿಗೆ ಏನಿದೆ, ಹತ್ತನೆಯವರಿಗೆ ಏನಿದೆ, ಯಾವ ತಿಂಗಳಲ್ಲಿ ಅರ್ಜಿ ಬರುತ್ತದೆ, ಯಾವ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಬೇಕು ಎಂದು ಅದರಲ್ಲಿರಲಿ. ದಿನಾಂಕ ನಿಶ್ಚಯವಾಗಿರದಿದ್ದರೆ ತಿಂಗಳಷ್ಟೇ ಬರೆಯಿರಿ, ಸಾಕು. ಎನ್‌ಎಂಎಂಎಸ್ ಸಿಕ್ಕವರು ಪ್ರತಿ ವರ್ಷ ನವೀಕರಣ ಮಾಡಿಸಬೇಕೆಂಬುದನ್ನೂ ಬರೆಯಿರಿ, ಸಿಕ್ಕಿದ್ದನ್ನು ಕಳೆದುಕೊಂಡವರೂ ಇದ್ದಾರೆ. ಕೆಳಗೆ ಕತ್ತರಿಸಿ ಕೊಡುವ ಒಂದು ಪಟ್ಟಿ ಇರಲಿ. ಓದಿದ್ದೇವೆ ಎಂದು ಮನೆಯವರು ಸಹಿ ಹಾಕಿಯೋ ಹೆಬ್ಬೆಟ್ಟು ಒತ್ತಿಯೋ ಕಳುಹಿಸಲಿ. ಯಾರ ಪಟ್ಟಿ ವಾಪಸು ಬರಲಿಲ್ಲವೋ ಆ ಮನೆಗಳಿಗೆ ಮಾತ್ರ ನೀವು ಕರೆ ಮಾಡಿದರಾಯಿತು.

ಅದನ್ನು ನಾವು ಮಾತಾಡುವ ಕನ್ನಡದಲ್ಲಿ ಬರೆಯಿರಿ ಎಂಬುದು ಇನ್ನೊಂದು ಬೇಡಿಕೆ. ಸುತ್ತೋಲೆಯ 'ಸದರಿ', 'ಅನ್ವಯ', 'ನಿಯಮಾನುಸಾರ ಲಗತ್ತಿಸಿ' ಎಂಬ ಭಾಷೆಯನ್ನು ಹಾಗೆಯೇ ಮನೆಗೆ ಕಳುಹಿಸಿದರೆ ಅದು ನಿಮ್ಮ ಕಚೇರಿಯ ಕಾಗದವಾಗಿಯೇ ಉಳಿಯುತ್ತದೆ. ಏನು ಸಿಗುತ್ತದೆ, ಏನು ತರಬೇಕು, ಎಂದಿನೊಳಗೆ, ಯಾರನ್ನು ಕೇಳಬೇಕು ಎಂಬ ನಾಲ್ಕು ಸಾಲು ಸಾಕು. ಅದೇ ಹಾಳೆಯ ಹಿಂದೆ ಮಕ್ಕಳ ಸಹಾಯವಾಣಿ 1098 ಮತ್ತು ಮನಸ್ಸಿನ ಆರೋಗ್ಯಕ್ಕೆಂದು ಇರುವ ಟೆಲಿ ಮಾನಸ್‌ನ 14416 ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಹಾಕಿ. ಫಲಿತಾಂಶದ ದಿನಗಳಲ್ಲಿ ಅವು ಗೋಡೆಯ ಮೇಲಿರಬೇಕಾದ ಸಂಖ್ಯೆಗಳು.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಎರಡು ದಿನದೊಳಗೆ ಅನುತ್ತೀರ್ಣರಾದ ಪ್ರತಿ ಮಗುವಿನ ಮನೆಗೆ ಶಾಲೆಯಿಂದ ಕರೆ ಹೋಗಲೇಬೇಕು. ಇದನ್ನು ವಿನಂತಿ ಎನ್ನುವುದಕ್ಕಿಂತ ಹಕ್ಕಿನ ಮಾತೆಂದು ತಿಳಿಯಿರಿ. ಕರೆ ಸಿಗದಿದ್ದರೆ ಆ ಊರಿನ ಅಂಗನವಾಡಿ ಕಾರ್ಯಕರ್ತೆಗೋ ಡೈರಿಗೋ ಹೇಳಿ, ನಾವು ಆ ಮನೆಯ ಬಾಗಿಲು ತಟ್ಟುತ್ತೇವೆ.

ಮಳೆಯ ರಜೆಯನ್ನು ಸಾಧ್ಯವಾದಾಗಲೆಲ್ಲ ಹಿಂದಿನ ಸಂಜೆಯೇ ಪ್ರಕಟಿಸಬೇಕೆಂದು ಶಿಕ್ಷಣ ಇಲಾಖೆಯವರು ಜಿಲ್ಲಾಡಳಿತವನ್ನು ಕೇಳಿಕೊಳ್ಳಬೇಕು. ಭದ್ರಾವತಿ ಆಕಾಶವಾಣಿ 1965ರಿಂದ ನಮ್ಮ ಜಗಲಿಗಳಲ್ಲಿ ಮಾತನಾಡುತ್ತಿದೆ. ಕರೆಂಟು ಹೋಗಿ, ಟವರು ಸತ್ತ ದಿನವೂ ಎರಡು ಸೆಲ್ಲಿನ ರೇಡಿಯೋ ಉಲಿಯುತ್ತದೆ. ಮಳೆಗಾಲದ ಮೂರು ತಿಂಗಳು ಸಂಜೆಯೊಮ್ಮೆ, ಬೆಳಿಗ್ಗೆ ಆರರ ಹೊತ್ತಿಗೊಮ್ಮೆ ತಾಲ್ಲೂಕುವಾರು ರಜೆಯ ಪ್ರಕಟಣೆ ಅಲ್ಲಿಂದ ಬರುವಂತೆ ಮಾಡಿ. ಪೋಷಕರ ಸಭೆಗಳನ್ನು ಸುಗ್ಗಿಗೆ ಮೊದಲು, ಬಸ್ಸಿನ ಹೊತ್ತು ನೋಡಿಕೊಂಡು, ವರ್ಷಕ್ಕೊಂದು ಬಾರಿಯಾದರೂ ದೂರದ ಊರುಗಳಲ್ಲೇ ನಡೆಸಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಮ್ಮವರೇ ಇದ್ದಾರೆ. ಅವರಿಗೆ ಈ ಕೆಲಸ ಹಚ್ಚಿ.

ನನ್ನ ಮಗಳು ಈಗ ಎಂಟನೆಯ ತರಗತಿ. ಆದಾಯ ಪ್ರಮಾಣಪತ್ರ ಮಾಡಿಸಿ, ನಕಲು ತೆಗೆಸಿ, ಅಕ್ಕಿ ಡಬ್ಬದ ಮೇಲಿನ ಕವರಿನಲ್ಲಿಟ್ಟಿದ್ದೇನೆ. ಅವಳ ತರಗತಿಯ ಉಳಿದ ಮಕ್ಕಳ ಮನೆಯಲ್ಲಿ ಅದಿದೆಯೋ ಇಲ್ಲವೋ ನೀವು ನೋಡಬೇಕು.

ನಮ್ಮ ಡೈರಿಯ ಗೋಡೆಯಲ್ಲಿ ಒಂದು ಕಪ್ಪು ಹಲಗೆ ಇದೆ. ಪಶು ಆಹಾರ ಬಂದ ದಿನ, ಹಣ ಬಟವಾಡೆಯ ದಿನ ಬರೆಯುತ್ತೇವೆ. ಸಂಘದವರನ್ನು ಕೇಳಿ ಅದರಲ್ಲಿ ಅರ್ಧ ಭಾಗವನ್ನು ಗೆರೆ ಎಳೆದು ಶಾಲೆಗೆಂದು ಬಿಡಿಸಿಟ್ಟಿದ್ದೇನೆ. ಇಂಥ ಡೈರಿಗಳೂ ನ್ಯಾಯಬೆಲೆ ಅಂಗಡಿಗಳೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳೂ ಜಿಲ್ಲೆಯ ಮೂಲೆಮೂಲೆಯಲ್ಲಿವೆ. ಮಕ್ಕಳ ಕೈಲಿ ಒಂದು ಹಾಳೆ ಕೊಟ್ಟು ಕಳುಹಿಸಿ, ಆ ಹಲಗೆಗೆ ನಾನೇ ಬರೆಯುತ್ತೇನೆ, ಓದಲು ಬಾರದವರಿಗೆ ಹಾಲು ಅಳೆಯುತ್ತಲೇ ಓದಿ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ತಾಯಿ